ಕುಂಡದ ಎಳೆಯ ಸಸಿಗೆ ಎಷ್ಟು ಉಣಿಸಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲಿ ಹೊಲದ ಗೊಬ್ಬರದ ಲೆಕ್ಕ ಅರಿಯದವರು ಕಡಿಮೆ. ಭತ್ತಕ್ಕೆ ಎಷ್ಟು, ಹತ್ತಿಗೆ ಎಷ್ಟು, ಮೆಣಸಿನ ಗಿಡಕ್ಕೆ ಯಾವಾಗ ಎಂಬುದನ್ನು ನಮ್ಮ ರೈತರು ಬೆರಳೆಣಿಕೆಯಲ್ಲಿ ಹೇಳಬಲ್ಲರು. ಆದರೆ ರಾಯಚೂರಿನ ಮನೆಗಳ ಮಾಳಿಗೆಯ ಮೇಲೆ ನಾಲ್ಕು ಕುಂಡ ಇಟ್ಟುಕೊಂಡು, ಟೊಮೆಟೊ, ಬದನೆ, ತುಳಸಿ, ಮಲ್ಲಿಗೆಗಳ ಎಳೆಯ ಸಸಿಗಳನ್ನು ಮೊದಲ ಬಾರಿಗೆ ಬೆಳೆಸಲು ಹೊರಟವರಿಗೆ ಆ ಹೊಲದ ಲೆಕ್ಕ ನೇರವಾಗಿ ಒದಗುವುದಿಲ್ಲ. ನನಗೂ ಒದಗಲಿಲ್ಲ.

ಹಲವು ವರ್ಷಗಳ ಹಿಂದೆ ಹನ್ನೆರಡು ಕುಂಡಗಳಲ್ಲಿ ಮೆಣಸಿನ ಅಗಿ ಹಚ್ಚಿದ್ದೆ. ಆರು ಅಂಗುಲ ಅಗಲದ ಸಣ್ಣ ಕುಂಡಗಳು. ಸಸಿಗಳು ನಾಲ್ಕು ಎಲೆ ಬಿಟ್ಟು ನಿಂತಿದ್ದವು. ಬೇಗ ಬೆಳೆಯಲಿ ಎಂಬ ಆಸೆಯಿಂದ ಪ್ರತಿ ಕುಂಡಕ್ಕೂ ಒಂದೊಂದು ಚಹಾ ಚಮಚ ಯೂರಿಯಾ ಹಾಕಿ ನೀರು ಕೊಟ್ಟೆ. ಮೂರನೆಯ ದಿನಕ್ಕೆ ಎಲೆಯ ಅಂಚುಗಳು ಸುಟ್ಟಂತಾದವು. ವಾರದೊಳಗೆ ಹತ್ತು ಸಸಿಗಳು ಸತ್ತವು. ಬಿಸಿಲಿನ ಹೊಡೆತವೆಂದೇ ಆಗ ತಿಳಿದಿದ್ದೆ. ಬಹಳ ದಿನಗಳ ನಂತರ ಕಾಗದ ಹಿಡಿದು ಲೆಕ್ಕ ಹಾಕಿದಾಗ ತಪ್ಪು ಎಲ್ಲಿತ್ತೆಂಬುದು ಗೊತ್ತಾಯಿತು.

ಆ ಲೆಕ್ಕವನ್ನು ನಿಮ್ಮ ಮುಂದೆಯೂ ಇಡುತ್ತೇನೆ. ಒಂದು ಎಕರೆ ಎಂದರೆ 43,560 ಚದರ ಅಡಿ. ಈಗಿನ ಯೂರಿಯಾ ಚೀಲದ ತೂಕ 45 ಕಿಲೋ. ಎಕರೆಗೆ ಒಂದು ಚೀಲ ಚೆಲ್ಲಿದರೆ ಚದರ ಅಡಿಗೆ ಬೀಳುವುದು ಹೆಚ್ಚುಕಡಿಮೆ ಒಂದು ಗ್ರಾಂ ಮಾತ್ರ. ಆರು ಅಂಗುಲದ ಕುಂಡದ ಬಾಯಿ ಚದರ ಅಡಿಯ ಐದನೆಯ ಒಂದು ಭಾಗದಷ್ಟಿರುತ್ತದೆ. ಹಾಗಾಗಿ ಅದರ ಪಾಲಿಗೆ ಬರುವುದು ಗ್ರಾಮಿನ ಐದನೆಯ ಒಂದು ಭಾಗ, ಅಂದರೆ ಒಂದು ಚಿಟಿಕೆಗಿಂತಲೂ ಕಡಿಮೆ. ನಾನು ಹಾಕಿದ ಒಂದು ಚಮಚ ಸುಮಾರು ನಾಲ್ಕು ಗ್ರಾಂ ತೂಗುತ್ತದೆ. ಹೊಲದ ಲೆಕ್ಕಕ್ಕೆ ತಿರುಗಿಸಿದರೆ, ಎಕರೆಗೆ ಇಪ್ಪತ್ತು ಚೀಲ ಸುರಿದಂತಾಯಿತು. ಹೊಲದಲ್ಲಾದರೆ ಬೇರು ಅತ್ತಿತ್ತ ಹರಿದು ತಪ್ಪಿಸಿಕೊಳ್ಳಲು ಜಾಗವಿದೆ; ಕುಂಡದ ಬೇರಿಗೆ ಓಡಿಹೋಗುವ ದಾರಿಯೇ ಇಲ್ಲ.

ಗೊಬ್ಬರ ಹೆಚ್ಚಾದರೆ ಸಸಿ ಯಾಕೆ ಸಾಯುತ್ತದೆ ಎಂಬುದನ್ನು ನಮ್ಮ ಅಡುಗೆಮನೆಯೇ ಕಲಿಸುತ್ತದೆ. ಉಪ್ಪಿನಕಾಯಿಗೆಂದು ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಹೋಳು ನೀರು ಬಿಟ್ಟು ಮುದುಡಿಕೊಂಡಿರುತ್ತದೆ. ಮಣ್ಣಿನ ನೀರಿನಲ್ಲಿ ಲವಣ ಮಿತಿಮೀರಿದಾಗ ಎಳೆಯ ಬೇರಿನ ಗತಿಯೂ ಅದೇ ಆಗುತ್ತದೆ: ಬೇರು ನೀರನ್ನು ಎಳೆದುಕೊಳ್ಳುವ ಬದಲು ಕಳೆದುಕೊಳ್ಳುತ್ತದೆ. ಮಣ್ಣು ಹಸಿಯಾಗಿದ್ದರೂ ಸಸಿ ಬಾಯಾರಿದಂತೆ ಬಾಡುವುದು ಇದರಿಂದಲೇ. ಕ್ಷಾರದ ಅಂಶ ಹೆಚ್ಚಿರುವ ನಮ್ಮ ಮಣ್ಣಿನಲ್ಲಿ ಯೂರಿಯಾ ಅಮೋನಿಯಾ ಅನಿಲವಾಗಿಯೂ ಹೊರಡುತ್ತದೆ; ಅದರ ಘಾಟು ಬೇರಿನ ತುದಿಗಳನ್ನು ಸುಡುತ್ತದೆ.

ಹಾಗಾದರೆ ಉಣಿಸುವುದು ಯಾವಾಗ? ಬೀಜ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿರುತ್ತದೆ. ಮೊದಲು ಕಾಣುವ ದಪ್ಪನೆಯ ಎರಡು ಬೀಜದಳಗಳಲ್ಲಿ ಆ ಬುತ್ತಿ ಇರುತ್ತದೆ. ಅದಾದ ಮೇಲೆ ಆ ಗಿಡದ ಜಾತಿಗೆ ತಕ್ಕ ರೂಪದ ನಿಜವಾದ ಎಲೆಗಳು ಮೂರೋ ನಾಲ್ಕೋ ಬರುವವರೆಗೆ ನೀರು ಮತ್ತು ಬೆಳಕಿನ ಹೊರತು ಬೇರೇನೂ ಬೇಕಿಲ್ಲ. ಒಂದು ಕುಂಡದಿಂದ ಇನ್ನೊಂದಕ್ಕೆ ಬದಲಿಸಿದ ಸಸಿಗೂ ಹತ್ತು ಹದಿನೈದು ದಿನ ಬೇರೂರಲು ಬಿಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ನಡುಮಧ್ಯಾಹ್ನ ಬಾಡಿ ನಿಲ್ಲುವ ಸಸಿಗೆ ಬೇಕಾದುದು ನೆರಳು, ಗೊಬ್ಬರವಲ್ಲ.

ಊಟದ ಮೊದಲ ಪಾಲು ಮಣ್ಣಿನಲ್ಲಿಯೇ ಇರಬೇಕು. ನಮ್ಮ ಎರೆ ಮಣ್ಣು ಹೊಲದಲ್ಲಿ ಬಂಗಾರ. ಆದರೆ ಕುಂಡದಲ್ಲಿ ಅದು ಒದ್ದೆಯಾದಾಗ ಬೇರಿಗೆ ಉಸಿರು ಕಟ್ಟಿಸುತ್ತದೆ, ಒಣಗಿದಾಗ ಬಿರುಕು ಬಿಟ್ಟು ಬೇರನ್ನು ಹರಿಯುತ್ತದೆ. ಎರಡು ಪಾಲು ಮಸಾರಿ, ಅಂದರೆ ಕೆಂಪು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಒಂದು ಪಾಲು ಮರಳು ಅಥವಾ ಭತ್ತದ ಹೊಟ್ಟು ಬೆರೆಸಿದರೆ ಸಾಕು. ಸಿಂಧನೂರು, ಗಂಗಾವತಿಯ ಕಡೆಯವರಿಗೆ ಹೊಟ್ಟು ಅಕ್ಕಿ ಗಿರಣಿಯಲ್ಲಿಯೇ ಸಿಗುತ್ತದೆ. ತಿಪ್ಪೆ ಗೊಬ್ಬರ ಕಳಿತಿದೆಯೇ ಎಂಬುದನ್ನು ಮೂಗಿನಿಂದ ಅರಿಯಬಹುದು: ಮಳೆ ಬಿದ್ದ ನೆಲದ ವಾಸನೆ ಇದ್ದರೆ ಬಳಸಿರಿ, ಸಗಣಿಯ ವಾಸನೆ ಇದ್ದರೆ ಇನ್ನೂ ಕಾಯಿರಿ. ಹಸಿ ಗೊಬ್ಬರ ಕುಂಡದೊಳಗೆ ಕಳಿಯುವಾಗ ಕಾವು ಏರುತ್ತದೆ, ಗೊಣ್ಣೆ ಹುಳುವೂ ಬರುತ್ತದೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಸಸಿಗೆ ಒಲೆಯ ಬೂದಿ ಹಾಕಿ, ಮೊಟ್ಟೆಯ ಸಿಪ್ಪೆ ಪುಡಿ ಮಾಡಿ ಹಾಕಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಮಲೆನಾಡಿನ ಹುಳಿ ಮಣ್ಣಿಗೆ ಅದು ಒಳ್ಳೆಯ ಸಲಹೆಯೇ. ನಮ್ಮ ಬಯಲಿನ ಮಣ್ಣಿನಲ್ಲಾದರೋ ಸುಣ್ಣ ಮೊದಲೇ ಹೇರಳವಾಗಿದೆ. ಅನೇಕ ಊರುಗಳ ಬೋರಿನ ನೀರೂ ಸವಳು. ಅದರ ಮೇಲೆ ಬೂದಿ ಸೇರಿದರೆ ಕ್ಷಾರ ಇನ್ನಷ್ಟು ಏರಿ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದು ದಕ್ಕದಂತಾಗುತ್ತದೆ. ಚಿಗುರೆಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಬಲೆಯಂತೆ ಕಂಡರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಹೊಸಬರು ಹಳದಿ ಎಲೆ ಕಂಡೊಡನೆ ಯೂರಿಯಾಕ್ಕೆ ಕೈ ಹಾಕುತ್ತಾರೆ. ಅದರಿಂದ ಈ ಹಳದಿ ಹೋಗುವುದಿಲ್ಲ. ಚಿಲೇಟೆಡ್ ಕಬ್ಬಿಣವನ್ನು, ಅಂದರೆ ಗಿಡಕ್ಕೆ ದಕ್ಕುವ ರೂಪದಲ್ಲಿರುವ ಕಬ್ಬಿಣದ ಪುಡಿಯನ್ನು, ಲೀಟರಿಗೆ ಅರ್ಧ ಗ್ರಾಮಿನಂತೆ ಕರಗಿಸಿ ಸಂಜೆ ಎಲೆಗಳಿಗೆ ಸಿಂಪಡಿಸಬೇಕು. ಚಿಗುರು ಹಸಿರಾಗಿದ್ದು ಬುಡದ ಹಳೆಯ ಎಲೆಗಳು ಒಟ್ಟಾಗಿ ಹಳದಿ ತಿರುಗಿದರೆ ಮಾತ್ರ ಯೂರಿಯಾ ಕೊಡುವ ಸಾರಜನಕ ಸಾಲದೆಂದು ತಿಳಿಯಬಹುದು.

ಇನ್ನು ದ್ರವ ಗೊಬ್ಬರದ ಮಾತು. ಹೊಸಬರಿಗೆ ನಾನು ಹೇಳುವುದು ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು. ಇದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ನೂರಕ್ಕೆ ಹತ್ತೊಂಬತ್ತರಂತೆ ಸಮನಾಗಿವೆ. ಮನೆಯಲ್ಲಿ ಅರ್ಧ ಗ್ರಾಂ ತೂಗುವ ತಕ್ಕಡಿ ಇರುವುದಿಲ್ಲ, ಅದಕ್ಕೊಂದು ಉಪಾಯವಿದೆ. ಮಟ್ಟಸವಾದ ಒಂದು ಚಹಾ ಚಮಚ, ಅಂದರೆ ಸುಮಾರು ಐದು ಗ್ರಾಂ ಗೊಬ್ಬರವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಅದರಿಂದ 100 ಮಿಲಿ ತೆಗೆದು, ಮತ್ತೆ ನೀರು ಕೂಡಿಸಿ ಒಂದು ಲೀಟರ್ ಮಾಡಿರಿ. ಆಗ ಲೀಟರಿಗೆ ಅರ್ಧ ಗ್ರಾಮಿನ ತೆಳುವಾದ ನೀರು ಸಿದ್ಧವಾಗುತ್ತದೆ. ಮೊದಲು ಸಾದಾ ನೀರಿನಿಂದ ಮಣ್ಣು ನೆನೆಸಿ, ಆಮೇಲೆ ಒಂದು ಚಹಾ ಲೋಟದಷ್ಟು ಈ ನೀರನ್ನು, ಹತ್ತು ದಿನಕ್ಕೊಮ್ಮೆ, ಹೊತ್ತು ಇಳಿದ ಮೇಲೆ ಕೊಡಬೇಕು. ಗಿಡ ಎಂಟು ಎಲೆ ದಾಟಿದ ಮೇಲೆ ಲೀಟರಿಗೆ ಒಂದು ಗ್ರಾಮಿಗೆ ಏರಿಸಬಹುದು.

ಅಂಗಡಿಯ ಗೊಬ್ಬರ ಒಲ್ಲದವರಿಗೆ ಶೇಂಗಾ ಹಿಂಡಿ ಇದೆ. ಅದರಲ್ಲಿ ಸಾರಜನಕ ನೂರಕ್ಕೆ ಸುಮಾರು ಏಳರಷ್ಟಿದ್ದು, ತಿಪ್ಪೆ ಗೊಬ್ಬರದಲ್ಲಿ ಅದು ನೂರಕ್ಕೆ 0.5ರ ಆಸುಪಾಸಿನಲ್ಲಿರುತ್ತದೆ. ಈ ಬಲವನ್ನು ನೆನಪಿಟ್ಟೇ ಹಿಂಡಿಯನ್ನು ಬಳಸಬೇಕು. ಒಣ ಹಿಂಡಿಯನ್ನು ಸಸಿಯ ಬುಡಕ್ಕೆ ಹಾಕಿದರೆ ಇರುವೆ ಮುತ್ತುತ್ತದೆ, ಬೂಸ್ಟು ಹಿಡಿಯುತ್ತದೆ. ನೂರು ಗ್ರಾಂ ಹಿಂಡಿಯನ್ನು ಎರಡು ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ನೆನೆಸಿ, ಸೋಸಿ, ಹತ್ತು ಪಟ್ಟು ನೀರು ಕೂಡಿಸಿ ಹದಿನೈದು ದಿನಕ್ಕೊಮ್ಮೆ ಕೊಡಿರಿ. ಎರೆಹುಳು ಗೊಬ್ಬರ ಇದಕ್ಕಿಂತ ಮೆತ್ತಗಿನದು. ತಿಂಗಳಿಗೆ ಒಂದು ಹಿಡಿ ಸಾಕು.

ಎಷ್ಟೇ ಎಚ್ಚರವಿದ್ದರೂ ಸವಳು ನೀರಿನ ಊರುಗಳಲ್ಲಿ ಕುಂಡದ ಅಂಚಿನಲ್ಲಿ ಬಿಳಿಯ ಪದರು ಕಟ್ಟುತ್ತದೆ. ಅದು ಒಳಗೆ ಉಳಿದ ಲವಣದ ಗುರುತು. ಆಗ ಗೊಬ್ಬರ ನಿಲ್ಲಿಸಿ, ಇದ್ದುದರಲ್ಲಿ ಸಿಹಿಯಾದ ನೀರನ್ನು ಕುಂಡದ ಅಳತೆಯ ಎರಡು ಮೂರು ಪಟ್ಟು ನಿಧಾನವಾಗಿ ಹೊಯ್ದು, ತಳದ ತೂತಿನಿಂದ ಪೂರ್ತಿ ಹರಿದುಹೋಗಲು ಬಿಡಬೇಕು. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲದಿದ್ದರೆ ತೊಳೆದ ಲವಣವನ್ನೇ ಮಣ್ಣು ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಮುಂಗಾರಿನ ಮೊದಲ ಒಳ್ಳೆಯ ಮಳೆ ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತದೆ. ಬಲಿತ ಗಿಡಗಳ ಕುಂಡಗಳನ್ನು ಆ ಮಳೆಗೆ ಹೊರಗಿಡಿರಿ, ಎಳೆಯವನ್ನು ಮಾತ್ರ ಹನಿಯ ಹೊಡೆತ ತಾಗದ ಕಡೆ ಸರಿಸಿರಿ, ಒಂದೆರಡು ಕೊಡ ಮಳೆನೀರನ್ನು ಹಿಡಿದಿಟ್ಟು ಮುಂದಿನ ಗೊಬ್ಬರವನ್ನು ಅದರಲ್ಲಿಯೇ ಕರಗಿಸಿರಿ.

ನಮಸ್ಕಾರ.