ಐದನೇ ವರ್ಷದ ತೀರ್ಮಾನ ಈಗಲೇ ಬೇಡ

ಕೇಳುಗರಿಗೆಲ್ಲ ನಮಸ್ಕಾರ. ನಿಮ್ಮ ಮನೆಯಲ್ಲಿ ಪಿಯುಸಿ ಮುಗಿಸಿದ ಮಗನೋ ಮಗಳೋ ಇದ್ದಾರೆ, ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಬಂದಿದೆ, ಈಗ ಐಐಟಿ, ಎನ್‌ಐಟಿ ಸೀಟು ಹಂಚೋ ಜೋಸಾ ಕೌನ್ಸೆಲಿಂಗ್ ಪಟ್ಟಿ ಮುಂದಿಟ್ಟುಕೊಂಡು ಕೂತಿದ್ದೀರಿ ಅಂತ ಅಂದುಕೊಂಡು ಮಾತಾಡ್ತೀನಿ. ಸಿಇಟಿ ಮೂಲಕ ವಿಟಿಯು ಕಾಲೇಜಿಗೆ ಹೋಗೋರಿಗೆ ನಾಲ್ಕು ವರ್ಷದ ಸೀಟೋ ಐದು ವರ್ಷದ್ದೋ ಅನ್ನೋ ತಲೆನೋವಿಲ್ಲ. ಅಲ್ಲಿ ಬಿಇ ನಾಲ್ಕು ವರ್ಷ. ಎಂಟೆಕ್ ಬೇಕು ಅನಿಸಿದರೆ ಆಮೇಲೆ ಅದರ ಪ್ರವೇಶ ಪರೀಕ್ಷೆಗಳಾದ ಗೇಟ್ ಇದೆ, ಪಿಜಿಸಿಇಟಿ ಇದೆ.

ಜೋಸಾ ಪಟ್ಟಿಯ ಪ್ರತಿ ಸಾಲಿನಲ್ಲೂ ಕಾಲೇಜು, ಆಮೇಲೆ ಬ್ರಾಂಚು, ಅದಾದ ಮೇಲೆ ಬ್ರ್ಯಾಕೆಟ್ಟಿನೊಳಗೆ ಒಂದು ವಿವರ ಇರುತ್ತೆ. ಯಾರೂ ಓದದೆ ಬಿಡೋದು ಅದನ್ನೇ. ಅಲ್ಲಿ '4 ವರ್ಷ, ಬ್ಯಾಚುಲರ್ ಆಫ್ ಟೆಕ್ನಾಲಜಿ' ಅಂತಿದ್ದರೆ ಅದು ಬಿಟೆಕ್. '5 ವರ್ಷ, ಬ್ಯಾಚುಲರ್ ಅಂಡ್ ಮಾಸ್ಟರ್ ಆಫ್ ಟೆಕ್ನಾಲಜಿ, ಡ್ಯುಯಲ್ ಡಿಗ್ರಿ' ಅಂತಿದ್ದರೆ ಬಿಟೆಕ್, ಎಂಟೆಕ್ ಎರಡೂ ಸೇರಿದ್ದು. ಇಂಟಿಗ್ರೇಟೆಡ್ ಎಂಟೆಕ್ ಅಂತಷ್ಟೇ ಬರೆದಿದ್ದರೆ ಕೆಲವು ಕಡೆ ಕೊನೆಯಲ್ಲಿ ಸಿಗೋದು ಒಂದೇ ಪದವಿ. ಒಂದೇ ಕಾಲೇಜು, ಒಂದೇ ಬ್ರಾಂಚು ಆದರೂ ಐದು ವರ್ಷದ ಸೀಟು ಸಾಮಾನ್ಯವಾಗಿ ಸ್ವಲ್ಪ ಹಿಂದಿನ ರ‍್ಯಾಂಕಿಗೂ ಸಿಗುತ್ತೆ. ಆಸೆ ಹುಟ್ಟೋದು ಅಲ್ಲೇ.

ನಾನು ಹೇಳೋಕೆ ಬಂದಿರೋದು ಒಂದೇ ಮಾತು. ಐದನೇ ವರ್ಷ ಬೇಕೋ ಬೇಡವೋ ಅನ್ನೋದನ್ನ ಹದಿನೇಳನೇ ವಯಸ್ಸಿನಲ್ಲಿ ತೀರ್ಮಾನ ಮಾಡಬೇಡಿ. ನಾಲ್ಕು ವರ್ಷದ ಸೀಟು ತಗೊಂಡವರು ಆ ತೀರ್ಮಾನವನ್ನ ಮುಂದಕ್ಕೆ ಹಾಕಬಹುದು. ಐದು ವರ್ಷದ ಸೀಟು ತಗೊಂಡವರದು ಈಗಲೇ ಮುಗಿದುಹೋಯ್ತು.

ಮಲೆನಾಡಿನ ಕಡೆಯ ಒಬ್ಬ ಹುಡುಗನ ವಿಷಯ ಕೇಳಿ. ಅವನ ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ಮೊದಲ ಸುತ್ತಿನಲ್ಲೇ ಒಂದು ಹೊಸ ಐಐಟಿಯಲ್ಲಿ ಎಲೆಕ್ಟ್ರಿಕಲ್ ಬಿಟೆಕ್ ಸಿಕ್ಕಿತ್ತು, ನಾಲ್ಕು ವರ್ಷದ್ದು. ಆದರೆ ಅವನು ಇಷ್ಟದ ಕ್ರಮದಲ್ಲಿ ತುಂಬಿದ ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಹಳೇ ಐಐಟಿಯೊಂದರ ಡ್ಯುಯಲ್ ಡಿಗ್ರಿ ಇತ್ತು. ಸೀಟು ಒಪ್ಪಿಕೊಳ್ಳುವಾಗ ಫ್ರೀಜ್, ಸ್ಲೈಡ್, ಫ್ಲೋಟ್ ಅಂತ ಮೂರು ದಾರಿ ಇರುತ್ತೆ. ಫ್ರೀಜ್ ಅಂದರೆ ಸಿಕ್ಕಿದ್ದೇ ಸಾಕು. ಸ್ಲೈಡ್ ಅಂದರೆ ಅದೇ ಕಾಲೇಜಿನಲ್ಲಿ ಮೇಲಿನ ಬ್ರಾಂಚು ಸಿಕ್ಕರೆ ಕೊಡಿ ಅಂತ. ಫ್ಲೋಟ್ ಅಂದರೆ ಪಟ್ಟಿಯಲ್ಲಿ ಮೇಲಿರೋದು ಯಾವ ಕಾಲೇಜಿನಲ್ಲಿ ಸಿಕ್ಕರೂ ಸರಿ. ಇವರು ಫ್ಲೋಟ್ ಒತ್ತಿದರು. ಎರಡನೇ ಸುತ್ತಿನಲ್ಲಿ ಡ್ಯುಯಲ್ ಡಿಗ್ರಿ ಬಂತು, ಹಳೇ ಸೀಟು ತಾನಾಗಿಯೇ ರದ್ದಾಯ್ತು. ನಮ್ಮನ್ನ ಇನ್ನೊಂದು ಸಲ ಕೇಳ್ತಾರೆ ಅಂತ ಅಪ್ಪ ಕಾಯ್ತಾ ಇದ್ದರಂತೆ. ಯಾರೂ ಕೇಳೋದಿಲ್ಲ. ನಿಮ್ಮ ಪಟ್ಟಿಯೇ ನಿಮ್ಮ ಒಪ್ಪಿಗೆ.

ಮೂರನೇ ವರ್ಷದ ಬೇಸಿಗೆಯಲ್ಲಿ ಹುಡುಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಿದ. ಕೆಲಸ ಅವರಿಗೆ ಹಿಡಿಸಿತು, ನೌಕರಿಯ ಮಾತು ಬಂತು. ಯಾವಾಗ ಸೇರ್ತೀಯ ಅಂತ ಕೇಳಿದರು. ಜೊತೆಗಿದ್ದ ಬಿಟೆಕ್ ಹುಡುಗರೆಲ್ಲ ಬರುವ ಜುಲೈ ಅಂದರು. ಇವನು ಅದರ ಮುಂದಿನ ಜುಲೈ ಅನ್ನಬೇಕಾಯ್ತು. ಎರಡು ವರ್ಷ ಯಾವ ಕಂಪನಿ ಕಾಯುತ್ತೆ ಹೇಳಿ? ಹಾಗಾದರೆ ಬಿಟೆಕ್‌ಗೆ ಬದಲಾಯಿಸಿಕೊಳ್ಳೋಣ ಅಂತ ವಿಭಾಗದ ಕಚೇರಿಗೆ ಹೋದ. ಅದಕ್ಕೊಂದು ಗಡುವು ಇತ್ತು, ದಾಟಿಹೋಗಿತ್ತು. ನಾಲ್ಕನೇ ವರ್ಷದಲ್ಲಿ ಎಂಟೆಕ್ ಮಟ್ಟದ ಒಂದು ಕೋರ್ಸಿನಲ್ಲಿ ಫೇಲಾದ. ಅದು ವರ್ಷಕ್ಕೆ ಒಂದೇ ಸಲ ನಡೆಯೋ ಕೋರ್ಸು. ಐದನೇ ವರ್ಷದಲ್ಲಿ ಪ್ರಾಜೆಕ್ಟು, ಥೀಸಿಸ್ಸು, ಜೊತೆಗೆ ಆ ಹಳೇ ಕೋರ್ಸು. ಥೀಸಿಸ್ ಸಮಯಕ್ಕೆ ಮುಗಿಯಲಿಲ್ಲ. ಡ್ಯುಯಲ್ ಡಿಗ್ರಿಯಲ್ಲಿ ಸಾಮಾನ್ಯವಾಗಿ ಎರಡು ಪದವಿಯೂ ಕೊನೆಯಲ್ಲಿ ಒಟ್ಟಿಗೇ ಬರುತ್ತೆ. ಹಾಗಾಗಿ ಎಂಟೆಕ್ ಜೊತೆ, ಎಂದೋ ಓದಿ ಮುಗಿಸಿದ ಬಿಟೆಕ್ಕೂ ನಿಂತುಹೋಯ್ತು. ಆ ಕಡೆ ಶಿಕ್ಷಣ ಸಾಲ. ಓದಿನ ಅವಧಿ ಮತ್ತು ಅದರ ಮೇಲೊಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಸರಿ. ಬಡ್ಡಿ ಮಾತ್ರ ಹಣ ಬಿಡುಗಡೆಯಾದ ದಿನದಿಂದಲೇ ಏರ್ತಾ ಇರುತ್ತೆ.

ಹುಡುಗ ಈಗ ಚೆನ್ನಾಗಿಯೇ ಇದ್ದಾನೆ, ಸಾಫ್ಟ್‌ವೇರ್ ಬರೀತಾನೆ. ಎಂಟೆಕ್‌ನಲ್ಲಿ ಓದಿದ ಪವರ್ ಎಲೆಕ್ಟ್ರಾನಿಕ್ಸ್ ಆ ಕೆಲಸಕ್ಕೆ ಬೇಕೇ ಇಲ್ಲ.

ಈ ಕಥೆಗೇ ಅರ್ಧ ಸಮಯ ಹೋಯ್ತು, ಇರಲಿ. ಬಿಟೆಕ್ ನಾಲ್ಕು ಪ್ಲಸ್ ಎಂಟೆಕ್ ಎರಡು, ಒಟ್ಟು ಆರು, ಡ್ಯುಯಲ್ ಆದರೆ ಐದೇ, ಒಂದು ವರ್ಷ ಉಳೀತಲ್ಲ ಅಂತ ನೆಂಟರೆಲ್ಲ ಹೇಳ್ತಾರೆ. ಎಂಟೆಕ್ ಬೇಕೇ ಬೇಕು ಅನ್ನೋರಿಗೆ ಮಾತ್ರ ಆ ವರ್ಷ ಉಳಿಯೋದು. ಬೇಡ ಅನ್ನೋರಿಗೆ ಒಂದು ವರ್ಷ ಹೋಯ್ತು. ದುಡ್ಡಿನ ಲೆಕ್ಕವನ್ನೂ ನೋಡಿ. ಐಐಟಿಯಲ್ಲಿ ಬಿಟೆಕ್ ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷ. ಪರಿಶಿಷ್ಟ ಜಾತಿ, ಪಂಗಡ, ಅಂಗವಿಕಲ ವಿದ್ಯಾರ್ಥಿಗಳಿಗೆ ಅದು ಪೂರ್ತಿ ಮಾಫಿ. ಕುಟುಂಬದ ಆದಾಯ 1 ಲಕ್ಷದೊಳಗಿದ್ದರೂ ಪೂರ್ತಿ ಮಾಫಿ, 1ರಿಂದ 5 ಲಕ್ಷದವರೆಗೆ ಮೂರನೇ ಎರಡು ಭಾಗ. ಉಳಿದವರು ಐದನೇ ವರ್ಷಕ್ಕೂ ಹಾಸ್ಟೆಲ್ಲು, ಮೆಸ್ಸು ಎಲ್ಲ ಸೇರಿಸಿ ಕಟ್ಟಬೇಕು. ಅದೇ ಬಿಟೆಕ್ ಮುಗಿಸಿ ಗೇಟ್ ಬರೆದು ಎಂಟೆಕ್‌ಗೆ ಹೋದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. 24 ತಿಂಗಳಿಗೆ 2,97,600. ಡ್ಯುಯಲ್‌ನಲ್ಲಿ ಸ್ಟೈಪೆಂಡ್ ಕೊಟ್ಟರೂ ಕೊನೆಯ ವರ್ಷಕ್ಕಷ್ಟೇ.

ಮುಂದಕ್ಕೆ ಹಾಕಿದರೆ ಬಾಗಿಲು ಮುಚ್ಚಿಹೋಗುತ್ತಾ? ಇಲ್ಲ. ಗೇಟ್ ಸ್ಕೋರು ಮೂರು ವರ್ಷ ನಡೆಯುತ್ತೆ. ಐಐಟಿಯಲ್ಲೇ ಬಿಟೆಕ್ ಮಾಡಿ ಸಿಜಿಪಿಎ, ಅಂದರೆ ಹತ್ತಕ್ಕೆ ಸರಾಸರಿ ಗ್ರೇಡು, 8ಕ್ಕಿಂತ ಮೇಲಿದ್ದರೆ ಎಷ್ಟೋ ಐಐಟಿಗಳು ಗೇಟ್ ಇಲ್ಲದೆಯೇ ಎಂಟೆಕ್‌ಗೆ ತಗೊಳ್ಳುತ್ವೆ. ಮದ್ರಾಸ್, ಬಾಂಬೆ, ಕಾನ್ಪುರದಂಥ ಕಡೆ ಬಿಟೆಕ್‌ಗೆ ಸೇರಿದವರೂ ಓದಿನ ನಡುವೆ ಅರ್ಜಿ ಹಾಕಿ ಡ್ಯುಯಲ್ ಡಿಗ್ರಿ ಮಾಡಿಕೊಳ್ಳಬಹುದು. ನಮ್ಮ ಬೆಂಗಳೂರಿನ ಐಐಎಸ್‌ಸಿ 2011ರಲ್ಲಿ ಶುರುಮಾಡಿದ ನಾಲ್ಕು ವರ್ಷದ ವಿಜ್ಞಾನ ಪದವಿಯಲ್ಲೂ ಐದನೇ ವರ್ಷ ಉಳಿದು ಮಾಸ್ಟರ್ಸ್ ಮಾಡೋದು ಅವರವರ ಇಷ್ಟ. ಅಮೆರಿಕಕ್ಕೆ ಎಂಎಸ್ ಮಾಡೋಕೆ ಹೋಗೋರಿಗೂ ನಾಲ್ಕು ವರ್ಷದ ಬಿಟೆಕ್ ಸಾಕು.

ಹಾಗಾದರೆ ಡ್ಯುಯಲ್ ಯಾರಿಗೆ? ಚಿಪ್ ಡಿಸೈನ್, ಸ್ಟ್ರಕ್ಚರಲ್ ಇಂಜಿನಿಯರಿಂಗ್ ಇಂಥದ್ದರಲ್ಲೇ ಕೆಲಸ ಅಂತ ಗಟ್ಟಿ ಮಾಡಿಕೊಂಡ ಮಕ್ಕಳಿಗೆ. ಅಲ್ಲಿ ಎಂಟೆಕ್‌ಗೆ ಬೆಲೆ ಇದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನೋರಿಗೂ ಎಂಟೆಕ್ ಬೇಕೇ ಬೇಕು. ಸಾಫ್ಟ್‌ವೇರ್ ನೌಕರಿಗಾದರೆ ಖಂಡಿತ ಬೇಡ. ಕಾಲೇಜಿನ ಹೆಸರು ದೊಡ್ಡದು ಅನ್ನೋ ಒಂದೇ ಕಾರಣಕ್ಕಂತೂ ಬೇಡವೇ ಬೇಡ. ಬೇಕೇ ಬೇಕು ಅಂತಾದರೆ ಆ ಕಾಲೇಜಿನ ನಿಯಮಪುಸ್ತಕದಲ್ಲಿ ಎರಡು ವಿಷಯ ಹುಡುಕಿ: ಬಿಟೆಕ್ ಮಾತ್ರ ತಗೊಂಡು ಹೊರಬರೋಕೆ ಅವಕಾಶ ಇದೆಯಾ, ಇದ್ದರೆ ಯಾವ ಸೆಮಿಸ್ಟರಿನೊಳಗೆ ಅರ್ಜಿ ಕೊಡಬೇಕು.

ಇವತ್ತು ರಾತ್ರಿ ಮನೆಯಲ್ಲಿ ಹೀಗೆ ಮಾಡಿ. ಮಕ್ಕಳು ತುಂಬಿದ ಪಟ್ಟಿಯ ಪ್ರಿಂಟ್ ತೆಗೀರಿ. ಐದು ವರ್ಷದ ಸಾಲುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೀರಿ. ಪ್ರತಿ ಕೆಂಪು ಸಾಲಿನ ಕೆಳಗಿರೋ ನಾಲ್ಕು ವರ್ಷದ ಸೀಟುಗಳನ್ನ ಬೆರಳಿಟ್ಟು ನೋಡಿ. ಕೆಂಪು ಸಾಲು ಸಿಕ್ಕಿತು ಅಂದರೆ ಅವು ಅಷ್ಟೂ ಕೈಬಿಟ್ಟವು. ಇದಕ್ಕೆ ಮಗ, ಮಗಳು ಒಪ್ಪಿದರೆ ಇರಲಿ. ಒಪ್ಪದಿದ್ದರೆ ಆ ಸಾಲನ್ನ ಕೆಳಗಿಳಿಸಿ, ಇಲ್ಲ ತೆಗೆದುಹಾಕಿ. ಕೊನೆಯ ದಿನ ದಾಟಿದ ಮೇಲೆ ಕ್ರಮ ಬದಲಿಸೋಕೆ ಆಗೋದಿಲ್ಲ. ನಮಸ್ಕಾರ.