ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಎಣ್ಣೆ ಸೋರಿದರೆ

ಮಡಿಕೇರಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಎಂಜಿನ್ ಬಿಚ್ಚಿ, ಸಿಲಿಂಡರಿನ ಒಳಗೋಡೆಯನ್ನು ಕೊರೆದು ಬೋರ್ ಮಾಡಿಸಿ, ಪಿಸ್ಟನ್ ರಿಂಗುಗಳಿಂದ ಹಿಡಿದು, ಭಾಗಗಳ ನಡುವೆ ಎಣ್ಣೆ ಸೋರದಂತೆ ಇಡುವ ಪ್ಯಾಕಿಂಗ್, ಅಂದರೆ ಗ್ಯಾಸ್ಕೆಟ್‌ಗಳವರೆಗೆ ಎಲ್ಲವನ್ನೂ ಹೊಸದಾಗಿ ಹಾಕಿಸಿ ತಂದ ಕಾರಿನ ಕೆಳಗೆ ಮಾರನೆಯ ಬೆಳಿಗ್ಗೆ ಎಣ್ಣೆಯ ಕಲೆ ಕಂಡರೆ ಆಗುವ ಸಂಕಟ ಸಣ್ಣದಲ್ಲ. ಕಾಫಿ ಮಾರಿದ ಹಣದಲ್ಲಿ ಈ ಕೆಲಸ ಮಾಡಿಸಿದವರಿಗೆ ಅದು ಚೆನ್ನಾಗಿ ಗೊತ್ತು. ಆಗ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ‘ಪ್ಯಾಕಿಂಗ್ ಸರಿಯಿಲ್ಲ’ ಎಂಬುದು. ಆ ಮಾತನ್ನು ನಂಬಿ ಅವಸರದಿಂದ ಮತ್ತೆ ಬಿಚ್ಚಬೇಡಿ ಎಂದು ಕೇಳಿಕೊಳ್ಳಲು ಇಂದು ಬಂದಿದ್ದೇನೆ.

ಎಣ್ಣೆ ಜಿನುಗುವ ಜಾಗ ಬೇರೆ, ತೊಟ್ಟಿಕ್ಕುವ ಜಾಗ ಬೇರೆ. ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಅಂಚಿನಲ್ಲಿ ಹೊರಬಂದ ಎಣ್ಣೆ ಬ್ಲಾಕಿನ ಮೈಮೇಲೆ ಇಳಿದು, ಕಾರು ಓಡುವಾಗಿನ ಗಾಳಿಗೆ ಹಿಂದಕ್ಕೆ ಹರಡಿ, ಕೊನೆಗೆ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯಾದ ಚೇಂಬರಿನ ಮೂಲೆಯಿಂದ ಬೀಳುತ್ತದೆ. ನಮ್ಮ ಮಳೆಗಾಲದ ಕೆಸರು ನೀರು ಆ ಜಾಡನ್ನೂ ಅಳಿಸುತ್ತದೆ. ಆದ್ದರಿಂದ ತಣ್ಣಗಿರುವ ಎಂಜಿನ್ನಿನ ಹೊರಮೈಯನ್ನು ತೊಳೆದು, ಪೂರ್ತಿ ಒಣಗಿಸಿ, ಸಂಶಯವಿರುವ ಜೋಡಣೆಗಳ ಮೇಲೆ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ, ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದ ಮೇಲೆ ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿಯಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಒದ್ದೆಯೇ ಮೂಲ. ಆಯಿಲ್ ಫಿಲ್ಟರಿನ ಹಳೆಯ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿಕೊಂಡು ಉಳಿದಿದ್ದರೂ ಧಾರಾಳವಾಗಿ ಸೋರುತ್ತದೆ.

ಒಂದೇ ಕಡೆ ಅಲ್ಲ, ಮೂರು ನಾಲ್ಕು ಕಡೆ ಒಟ್ಟಿಗೆ ಜಿನುಗುತ್ತಿದ್ದರೆ ಗ್ಯಾಸ್ಕೆಟ್ಟನ್ನು ದೂರುವುದು ಅನ್ಯಾಯ. ಹೊಸ ರಿಂಗುಗಳು ಬೋರಿನ ಗೋಡೆಗೆ ಹೊಂದಿಕೊಳ್ಳುವವರೆಗೆ ಉರಿದ ಅನಿಲ ಅವುಗಳ ಸಂದಿನಿಂದ ತುಸು ಹೆಚ್ಚಾಗಿಯೇ ಕೆಳಗಿಳಿಯುತ್ತದೆ. ಆ ಅನಿಲ ಹೊರಹೋಗಬೇಕಾದ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಏರಿ, ಎಣ್ಣೆಯನ್ನು ಸಿಕ್ಕಿದ ಅಂಚಿನಿಂದೆಲ್ಲ ಹೊರದೂಡುತ್ತದೆ. ವಿರಾಜಪೇಟೆ ಕಡೆಯ ಒಂದು ಕಾರಿಗೆ ನಾವು ಎರಡು ಸಲ ಚೇಂಬರ್ ಪ್ಯಾಕಿಂಗ್ ಬದಲಾಯಿಸಿದೆವು. ಮೂರನೆಯ ಸಲ ಬ್ರೀದರ್ ಪೈಪನ್ನು ಕಳಚಿ ಊದಿದಾಗ ಗಾಳಿ ಹೋಗಲಿಲ್ಲ: ಎಂಜಿನ್ ಬೋರಿಗೆ ಹೋಗಿದ್ದ ವಾರಗಳಲ್ಲಿ ಶೆಡ್ಡಿನಲ್ಲಿ ಬಿದ್ದಿದ್ದ ಆ ಪೈಪಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ತೆಗೆದ ಮೇಲೆ ಅದೇ ಪ್ಯಾಕಿಂಗ್ ಒಂದು ಹನಿಯನ್ನೂ ಬಿಡಲಿಲ್ಲ. ಮಾಲೀಕರಿಂದ ಎರಡು ಸಲ ಕೂಲಿ ಪಡೆದಿದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಇನ್ನು ಬಿಗಿಯ ವಿಚಾರ. ತಗಡಿನ ಚೇಂಬರಿನ ಬೋಲ್ಟುಗಳನ್ನು ಬಲ ಹಾಕಿ ತಿರುಗಿಸಿದರೆ ತೂತಿನ ಸುತ್ತ ತಗಡು ಒಳಕ್ಕೆ ಬಾಗಿ, ಎರಡು ಬೋಲ್ಟುಗಳ ನಡುವಿನ ಅಂಚು ಎದ್ದುಕೊಳ್ಳುತ್ತದೆ; ಆಮೇಲೆ ಬಿಗಿ ಮಾಡಿದಷ್ಟೂ ಸೋರುವಿಕೆ ಹೆಚ್ಚುತ್ತದೆ. ಚೇಂಬರ್ ಇಳಿಸಿ, ಬಾಗಿದ ಜಾಗವನ್ನು ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಮಟ್ಟಮಾಡಿ, ಕಂಪನಿಯ ಕೈಪಿಡಿ ಹೇಳುವಷ್ಟೇ ಬಿಗಿಯನ್ನು ಟಾರ್ಕ್ ರೆಂಚಿನಿಂದ ಕೊಡಬೇಕು. ಸಿಲಿಕಾನ್ ಪೇಸ್ಟ್ ಹಾಕುವವರು ಒಂದು ಮಾತು ನೆನಪಿಡಬೇಕು. ಅದು ಗಟ್ಟಿಯಾಗುವುದು ಗಾಳಿಯ ತೇವದಿಂದಲೇ, ಹಾಗಾಗಿ ನಮ್ಮ ಮಂಜಿನ ಹವೆ ಅದಕ್ಕೆ ಶತ್ರುವಲ್ಲ. ಆದರೆ ತಣ್ಣನೆಯ ಲೋಹದ ಮೇಲೆ ಬೆವರಿನಂತೆ ಕೂತ ನೀರಿನ ಪೊರೆಯ ಮೇಲೆ ಅದು ಅಂಟುವುದಿಲ್ಲ. ಜೋಡಿಸುವ ಮೊದಲು ಎರಡೂ ಅಂಚುಗಳನ್ನು ಒರೆಸಿ ಒಣಗಿಸಿ. ಹೆಚ್ಚಾದ ಪೇಸ್ಟ್ ಒಳಗೆ ಉದುರಿ ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಿದರೆ ಬೇರಿಂಗುಗಳಿಗೆ ಎಣ್ಣೆ ಸಿಗದೆ ಎಂಜಿನ್ನೇ ಹೋಗುತ್ತದೆ.

ಎಂಜಿನ್ನಿನ ಹಿಂಬದಿಯಿಂದ, ಕ್ಲಚ್ ಇರುವ ಜಾಗದಿಂದ ಎಣ್ಣೆ ಬಿದ್ದರೆ ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಮೇಲೆ ಸಂಶಯ ಹೋಗುವುದು ಸಹಜ. ಆದರೆ ಅದನ್ನು ಬದಲಾಯಿಸಲು ಗೇರ್ ಬಾಕ್ಸ್ ಇಳಿಸಬೇಕು. ಅದಕ್ಕೆ ಮುಂಚೆ ಬಿದ್ದ ಎಣ್ಣೆಯನ್ನು ಬೆರಳಿಗೆ ತೆಗೆದುಕೊಂಡು ಮೂಸಿ ನೋಡಿ: ಗಂಧಕದ ಘಾಟು ಬಂದರೆ ಅದು ಗೇರ್ ಬಾಕ್ಸಿನ ಎಣ್ಣೆಯೇ ಇರಬಹುದು, ಎಂಜಿನ್ನಿನದಲ್ಲ. ಟ್ಯಾಪೆಟ್ ಕವರಿನ ಹಿಂಭಾಗಕ್ಕೂ ಬೆರಳಾಡಿಸಿ, ಅಲ್ಲಿ ಒಣಗಿದೆ ಎಂದು ಖಚಿತವಾದ ಮೇಲಷ್ಟೇ ಗೇರ್ ಬಾಕ್ಸಿಗೆ ಸ್ಪಾನರ್ ಹಾಕಿ. ನಮಸ್ಕಾರ.