ಇಂಗಾಲಕ್ಕೆ ನಾಲ್ಕು ಬಂಧಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಡ್ಯದ ಸುತ್ತಮುತ್ತ ಭತ್ತ, ಕಬ್ಬು ಬೆಳೆಯುವ ಮನೆಗಳಲ್ಲಿ ಜಗುಲಿಯ ಮೂಲೆಯಲ್ಲೋ ಕೊಟ್ಟಿಗೆಯ ಮಗ್ಗುಲಲ್ಲೋ ಯೂರಿಯಾ ಚೀಲವೊಂದು ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ಸಾರಜನಕ ಶೇಕಡ 46 ಎಂದು ಅಚ್ಚಾಗಿರುತ್ತದೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ರಸಾಯನಶಾಸ್ತ್ರದ ಪುಸ್ತಕದ ಮುಂದೆ ಅಂಜಿ ಕುಳಿತಿರುವ ಮಕ್ಕಳಿಗೆ ನಾನು ಮೊದಲು ಹೇಳುವುದು, ಆ ಅಂಕಿ ಎಲ್ಲಿಂದ ಬಂತೆಂದು ನೀವೇ ಲೆಕ್ಕ ಹಾಕಿ ನೋಡಿ ಎಂದು. ಯೂರಿಯಾದ ಒಂದು ಅಣುವಿನಲ್ಲಿ ಇಂಗಾಲದ 1, ಆಮ್ಲಜನಕದ 1, ಸಾರಜನಕದ 2 ಮತ್ತು ಜಲಜನಕದ 4 ಪರಮಾಣುಗಳಿವೆ. ಆ ಪರಮಾಣುಗಳ ಒಟ್ಟು ತೂಕಗಳು ಕ್ರಮವಾಗಿ 12, 16, 28 ಮತ್ತು 4, ಕೂಡಿದರೆ 60. ಅರವತ್ತರಲ್ಲಿ 28 ಎಂದರೆ ಶೇಕಡ 46.7. ಚೀಲದಲ್ಲಿರುವ ಗೊಬ್ಬರದಲ್ಲಿ ತುಸು ತೇವಾಂಶವೂ ಬಯೂರೆಟ್ ಎಂಬ ಇನ್ನೊಂದು ಪದಾರ್ಥವೂ ಸೇರಿರುವುದರಿಂದ ಅಚ್ಚಾದ ಅಂಕಿ ನಮ್ಮ ಲೆಕ್ಕಕ್ಕಿಂತ ಚೂರು ಕಡಿಮೆಯಿದೆ. ಅಪ್ಪ ಗದ್ದೆಗೆ ಎರಚುವ ಗೊಬ್ಬರದ ಅಂಕಿಯನ್ನು ಪೆನ್ಸಿಲ್ ಹಿಡಿದು ತಾನೇ ಕಂಡುಕೊಂಡ ವಿದ್ಯಾರ್ಥಿಗೆ ಮೋಲ್ ಎಂಬ ಪದ ಆಮೇಲೆ ಅಷ್ಟು ಭಯ ಹುಟ್ಟಿಸುವುದಿಲ್ಲ. ಅಣುವಿನ ತೂಕದ ಅಂಕಿಯಷ್ಟೇ ಗ್ರಾಂ ತೆಗೆದುಕೊಂಡರೆ ಅದು ಆ ವಸ್ತುವಿನ ಒಂದು ಮೋಲ್; ಯೂರಿಯಾದ ಒಂದು ಮೋಲ್ ಎಂದರೆ 60 ಗ್ರಾಂ. ಸಕ್ಕರೆಯ ಒಂದು ಮೋಲ್ ಎಂದರೆ 342 ಗ್ರಾಂ. ಕಾಫಿಗೆ ಹಾಕುವ 5 ಗ್ರಾಂ ಸಕ್ಕರೆಯಲ್ಲಿ ಎಷ್ಟು ಅಣುಗಳಿವೆ ಎಂದು ಕೇಳಿದರೆ, 5ನ್ನು 342ರಿಂದ ಭಾಗಿಸಿ, ಒಂದು ಮೋಲಿನಲ್ಲಿರುವ ಅಣುಗಳ ಎಣಿಕೆಯಾದ ಅವೊಗಾಡ್ರೊ ಸಂಖ್ಯೆಯಿಂದ (ಸುಮಾರು 6022ರ ಮುಂದೆ 20 ಸೊನ್ನೆಗಳು) ಗುಣಿಸಬೇಕು. ಆಗ ಬರುವ ಉತ್ತರ ಸುಮಾರು 88ರ ಮುಂದೆ 20 ಸೊನ್ನೆಗಳು.

ಎಣಿಕೆ ಬಂದರೆ ಅರ್ಧ ದಾರಿ ಸಾಗಿದಂತೆ. ಉಳಿದರ್ಧವನ್ನು ತೋರಿಸುವುದಕ್ಕೂ ಅದೇ ಯೂರಿಯಾ ಸಾಕು. ಜೀವಿಗಳ ದೇಹದಲ್ಲಿ ಹುಟ್ಟುವ ವಸ್ತುಗಳನ್ನು ಜೀವಶಕ್ತಿಯ ನೆರವಿಲ್ಲದೆ ತಯಾರಿಸಲಾಗದು ಎಂದು ಹಲವರು ನಂಬಿದ್ದ ಕಾಲದಲ್ಲಿ, 1828ರಲ್ಲಿ, ಜರ್ಮನಿಯ ಫ್ರೆಡ್ರಿಕ್ ವೋಲರ್ ಅಮೋನಿಯಂ ಸಯನೇಟ್ ಎಂಬ ಲವಣದಿಂದ, ಮೂತ್ರದಲ್ಲಿರುವ ಯೂರಿಯಾವನ್ನೇ ಪಡೆದ ಸಂಗತಿಯನ್ನು ಪ್ರಕಟಿಸಿದನು. ಈ ಕಥೆ ಎಲ್ಲ ಪಠ್ಯಗಳಲ್ಲೂ ಇದೆ. ಆದರೆ ವಿದ್ಯಾರ್ಥಿಗಳು ಅಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ: ಅಮೋನಿಯಂ ಸಯನೇಟಿನಲ್ಲಿಯೂ ಇಂಗಾಲ 1, ಆಮ್ಲಜನಕ 1, ಸಾರಜನಕ 2, ಜಲಜನಕ 4. ಒಂದು ಪರಮಾಣುವೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂಬುದಷ್ಟೇ ಬದಲಾಯಿತು, ವಸ್ತುವೇ ಬೇರೆಯಾಯಿತು. ಇಂಗಾಲದ ಸಂಯುಕ್ತಗಳನ್ನು ಕುರಿತ ಸಾವಯವ ರಸಾಯನಶಾಸ್ತ್ರದ ಕಲಿಕೆ ನಿಜವಾಗಿ ಆರಂಭವಾಗುವುದು ಇಲ್ಲಿಂದ, ಹಾಗಾಗಿ ರಚನೆಯನ್ನು ಬರೆಯಲು ಬಾರದವನು ಅದರ ಹೊಸ್ತಿಲಲ್ಲೇ ನಿಲ್ಲುತ್ತಾನೆ.

ಈಗ ದಯವಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ಇಂಗಾಲಕ್ಕೆ 4 ಬಂಧಗಳು, ಸಾರಜನಕಕ್ಕೆ 3, ಆಮ್ಲಜನಕಕ್ಕೆ 2, ಜಲಜನಕಕ್ಕೆ 1. ವಿದ್ಯುದಂಶವಿಲ್ಲದ ಸಾಮಾನ್ಯ ಅಣುಗಳಿಗೆ ಇಷ್ಟು ನೆನಪಿದ್ದರೆ ಸಾಕು. ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕವನ್ನು ಈ ನಿಯಮ ಮೀರದಂತೆ ಜೋಡಿಸಿ. ಆಮ್ಲಜನಕವನ್ನು ತುದಿಯಲ್ಲಿ, ಇಂಗಾಲಕ್ಕೂ ಜಲಜನಕಕ್ಕೂ ನಡುವೆ ಇಟ್ಟರೆ ಎಥನಾಲ್ ಆಗುತ್ತದೆ. ಕಬ್ಬಿನ ಕಾಕಂಬಿಯನ್ನು ಹುದುಗಿಸಿದಾಗ ಸಿಗುವ ಮದ್ಯಸಾರ ಅದೇ. ಆಮ್ಲಜನಕವನ್ನು ಎರಡು ಇಂಗಾಲಗಳ ನಡುವೆ ಇಟ್ಟರೆ ಡೈಮೀಥೈಲ್ ಈಥರ್. ಮೊದಲನೆಯದು ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡನೆಯದು ಸೊನ್ನೆಗಿಂತ 24 ಡಿಗ್ರಿ ಕೆಳಗೆ. ಎಥನಾಲಿನಲ್ಲಿ ಆಮ್ಲಜನಕಕ್ಕೆ ನೇರವಾಗಿ ಅಂಟಿದ ಜಲಜನಕವು ಪಕ್ಕದ ಅಣುವಿನ ಆಮ್ಲಜನಕವನ್ನು ಸೆಳೆದು ಹಿಡಿಯುತ್ತದೆ. ಈಥರಿನಲ್ಲಿ ಅಂಥ ಜಲಜನಕವಿಲ್ಲ, ಆದ್ದರಿಂದ ಅಣುಗಳು ಸುಲಭವಾಗಿ ಬಿಟ್ಟುಹೋಗುತ್ತವೆ. ಕುದಿಯುವ ಬಿಂದುಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವನಿಗೆ ಈ ನೂರು ಡಿಗ್ರಿ ಅಂತರ ಒಂದು ಅಂಕಿ ಮಾತ್ರ; ರಚನೆ ಬರೆದವನಿಗೆ ಅದರ ಕಾರಣ ಹಾಳೆಯ ಮೇಲೆಯೇ ಕಾಣುತ್ತದೆ.

ನಾನು ಬಹಳ ವರ್ಷ ಉತ್ತರ ಪತ್ರಿಕೆಗಳನ್ನು ತಿದ್ದಿದ್ದೇನೆ. ಐದು ಬಂಧಗಳ ಇಂಗಾಲ ಪ್ರತಿ ವರ್ಷವೂ ಬರುತ್ತದೆ. ಇದು ದಡ್ಡತನದ ಗುರುತಲ್ಲ. ಬರೆದ ಮೇಲೆ ಪ್ರತಿ ಇಂಗಾಲದ ಮೇಲೂ ಬೆರಳಿಟ್ಟು ಎಣಿಸುವ ಅಭ್ಯಾಸವನ್ನು ಯಾರೂ ಮಾಡಿಸಿಲ್ಲ ಎಂಬುದರ ಗುರುತು. ಆರಂಭದ ದಿನಗಳಲ್ಲಿ ನಾನೂ ಅದನ್ನು ಮಾಡಿಸಲಿಲ್ಲ. ಕ್ರಿಯೆಗಳ ಪಟ್ಟಿಯನ್ನು ಬರೆಸಿ ಒಪ್ಪಿಸಿಕೊಂಡೆ, ಅದಕ್ಕಾಗಿ ಈಗಲೂ ಮನಸ್ಸು ನೋಯುತ್ತದೆ. ಇನ್ನೊಂದು ತಪ್ಪು, ನಾಲ್ಕು ಇಂಗಾಲಗಳ ಸರಪಳಿಯನ್ನು ನೇರವಾಗಿ ಒಮ್ಮೆ, ಕೊನೆಯಲ್ಲಿ ಬಾಗಿಸಿ ಒಮ್ಮೆ ಬರೆದು ಎರಡು ಬೇರೆ ವಸ್ತುಗಳೆಂದು ಎಣಿಸುವುದು. ಹಗ್ಗ ಬಾಗಿದರೆ ಎರಡು ಹಗ್ಗವಾಗುವುದಿಲ್ಲ.

ಹಾಳೆ ಚಪ್ಪಟೆ, ಅಣು ಚಪ್ಪಟೆಯಲ್ಲ. ಗೊಂದಲದ ಮೂಲ ಇಲ್ಲಿದೆ. ಹಾಳೆಯ ಮೇಲೆ ಮೀಥೇನ್ ಕೂಡುಚಿಹ್ನೆಯಂತೆ ಕಂಡರೂ, ಅದರ ನಾಲ್ಕು ಬಂಧಗಳು ಒಂದರಿಂದ ಒಂದು 109.5 ಡಿಗ್ರಿ ಕೋನದಲ್ಲಿ ನಾಲ್ಕು ದಿಕ್ಕಿಗೆ ಚಾಚಿವೆ. ಮಾದರಿಗಳ ಪೆಟ್ಟಿಗೆ ಕೊಳ್ಳಲು ಹಣವಿಲ್ಲದಿದ್ದರೆ ಚಿಂತೆಯಿಲ್ಲ. ರಾತ್ರಿ ನೆನೆಸಿದ ಕಡಲೆಕಾಳು, ಪೊರಕೆಯ ಕಡ್ಡಿಯ ತುಂಡುಗಳು ಸಾಕು. ಒಂದು ಕಾಳಿಗೆ ನಾಲ್ಕು ಕಡ್ಡಿ ಚುಚ್ಚಿ, ನೆಲದ ಮೇಲಿಟ್ಟಾಗ ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದು ನೆಟ್ಟಗೆ ಮೇಲಕ್ಕಿದ್ದರೆ ಅದೇ ಮೀಥೇನಿನ ಆಕಾರ.

ಆಮೇಲೆ ಬಾಣಗಳು. ಕ್ರಿಯೆಯಲ್ಲಿ ಎಲೆಕ್ಟ್ರಾನ್ ಜೋಡಿ ಸಾಗುವ ದಾರಿಯನ್ನು ತೋರಿಸುವ ಬಾಗಿದ ಬಾಣವು ಎಲೆಕ್ಟ್ರಾನ್ ಇರುವಲ್ಲಿ ಹುಟ್ಟಿ, ಅದಕ್ಕೆ ಕೊರತೆಯಿರುವಲ್ಲಿ ಮುಗಿಯಬೇಕು. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಎತ್ತರದಿಂದ ತಗ್ಗಿಗೆ ಹರಿಯುವುದನ್ನು ಕಂಡು ಬೆಳೆದ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಆದರೂ ಜಲಜನಕದ ಅಯಾನಿನಿಂದ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಜಲಜನಕದಿಂದ, ಆಮ್ಲಜನಕದತ್ತ ಬಾಣ ಎಳೆಯುವವರು ಅನೇಕರು. ಆ ಅಯಾನಿನಲ್ಲಿ ಕೊಡುವುದಕ್ಕೆ ಎಲೆಕ್ಟ್ರಾನೇ ಇಲ್ಲ. ಬಾಣ ಆಮ್ಲಜನಕದಿಂದ ಹೊರಡಬೇಕು.

ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಬಂದ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಬೇಕು. ಇಂಗಾಲ, ಸಾರಜನಕ ಎಂದು ಕಲಿತ ನಿಮಗೆ ಒಮ್ಮೆಲೇ ಇಂಗ್ಲಿಷ್ ಹೆಸರುಗಳ ನಡುವೆ ಕೂತಾಗ ವಿಷಯವೇ ಕಷ್ಟವೆಂದು ತೋರಬಹುದು. ಕಷ್ಟವಾಗಿರುವುದು ಭಾಷೆ, ವಿಷಯವಲ್ಲ. ರಚನಾಸೂತ್ರಕ್ಕೆ ಯಾವ ಮಾಧ್ಯಮವೂ ಇಲ್ಲ. ಬಾಣ ಎಲ್ಲಿಂದ ಎಲ್ಲಿಗೆ, ಏಕೆ ಎಂಬುದನ್ನು ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಿ, ಆನಂತರ ಪರೀಕ್ಷೆಯ ಭಾಷೆಯಲ್ಲಿ ಬರೆಯಿರಿ.

ಕೊನೆಯದಾಗಿ ಈ ರಾತ್ರಿಗೆ ಒಂದು ಕೆಲಸ ಕೊಡುತ್ತೇನೆ. ನಾಲ್ಕು ಇಂಗಾಲ, ಹತ್ತು ಜಲಜನಕ, ಒಂದು ಆಮ್ಲಜನಕವನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಬರೆದು ನೋಡಿ. ಆಮ್ಲಜನಕವು ಇಂಗಾಲಕ್ಕೂ ಜಲಜನಕಕ್ಕೂ ನಡುವೆ ಇರುವ ಆಲ್ಕೊಹಾಲುಗಳು 4, ಎರಡು ಇಂಗಾಲಗಳ ನಡುವೆ ಇರುವ ಈಥರುಗಳು 3, ಒಟ್ಟು 7 ಸಿಗಬೇಕು. ಆ ನಾಲ್ಕು ಆಲ್ಕೊಹಾಲುಗಳಲ್ಲಿ ಒಂದರ ಒಂದು ಇಂಗಾಲಕ್ಕೆ ಮಾತ್ರ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿರುತ್ತವೆ. ಅದು ಯಾವುದೆಂದು ಗುರುತಿಸಿ, ಕಾಳು ಕಡ್ಡಿಗಳಿಂದ ಅದರ ಮಾದರಿಯನ್ನೂ, ಆ ಮಾದರಿ ಕನ್ನಡಿಯಲ್ಲಿ ಕಾಣುವಂತೆ ಇನ್ನೊಂದನ್ನೂ ಮಾಡಿ. ಆಮೇಲೆ ಒಂದರ ಮೇಲೊಂದು ಸರಿಯಾಗಿ ಕೂರುವಂತೆ ತಿರುಗಿಸಲು ಪ್ರಯತ್ನಿಸಿ. ಎಷ್ಟು ತಿರುಗಿಸಿದರೂ ಅವು ಕೂರುವುದಿಲ್ಲ. ನಮಸ್ಕಾರ.